ಒಣಗಿದ್ದೋ, ಒಡೆದದ್ದೋ? ಕಾಂಕ್ರೀಟಿನ ಕುಗ್ಗುವಿಕೆ ಹಾನಿಯನ್ನು ಅಲ್ಟ್ರಾಸಾನಿಕ್‌ನಿಂದ ಪತ್ತೆಹಚ್ಚುವ ಸಮಗ್ರ ಮಾರ್ಗದರ್ಶಿ

ಕಾಂಕ್ರೀಟ್ ಪ್ರಿಸಂ (ಪರೀಕ್ಷೆಗೆಂದು ಎರಕ ಹೊಯ್ದ ಉದ್ದನೆಯ ಚೌಕ ತುಂಡು) ಒಂದರ ಮೇಲೆ ನಾನು ಮೊದಲ ಬಾರಿ ಎರಡು ತಿಂಗಳು ಅಲ್ಟ್ರಾಸಾನಿಕ್ ರೀಡಿಂಗ್ ತೆಗೆದಾಗ, ಪಲ್ಸ್ ವೇಗ, ಅಂದರೆ ಅಲೆ ಕಾಂಕ್ರೀಟಿನೊಳಗೆ ಸಾಗುವ ವೇಗ, ಸುಮಾರು ಶೇ. 3ರಷ್ಟು ಇಳಿದಿತ್ತು. ‘ಕುಗ್ಗುವಿಕೆಯಿಂದ ಸೂಕ್ಷ್ಮ ಬಿರುಕು’ ಎಂದು ವರದಿಯಲ್ಲಿ ಬರೆದೂಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಅದನ್ನು ಓದಿ, ಏನೂ ಹೇಳದೆ, ಆ ಪ್ರಿಸಂ ಅನ್ನು ನೀರಿನ ತೊಟ್ಟಿಗೆ ಇಳಿಸಿದರು. ವಾರ ಬಿಟ್ಟು ಅಳೆದರೆ ವೇಗ ಹೆಚ್ಚುಕಡಿಮೆ ಮೊದಲಿದ್ದಲ್ಲಿಗೇ ಬಂದು ನಿಂತಿತ್ತು. ನಾನು ಅಷ್ಟು ದಿನ ಅಳೆದದ್ದು ಬಿರುಕನ್ನಲ್ಲ, ನೀರು ಹೋದದ್ದನ್ನು.

ಈ ಪರೀಕ್ಷೆಯಲ್ಲಿ ಉಪಕರಣದ ಬಟನ್ ಒತ್ತುವುದು ಐದು ನಿಮಿಷದ ವಿದ್ಯೆ. ಇಳಿದ ವೇಗದಲ್ಲಿ ಒಣಗಿದ್ದರ ಪಾಲೆಷ್ಟು, ಒಡೆದದ್ದರ ಪಾಲೆಷ್ಟು ಎಂದು ಬೇರ್ಪಡಿಸುವುದೇ ನಿಜವಾದ ಕೆಲಸ. ಮುಂದಿನ ಹಂತಗಳನ್ನೆಲ್ಲ ಅದಕ್ಕೆಂದೇ ಜೋಡಿಸಿದ್ದೇನೆ.

ವೇಗವನ್ನು ಎಳೆದಾಡುವ ಮೂರು ಸಂಗತಿಗಳು

ತತ್ತ್ವ ಸರಳ. ಒಂದು ಪ್ರೋಬ್ ಕಾಂಕ್ರೀಟಿನೊಳಗೆ ಶ್ರವಣಾತೀತ ಪಲ್ಸ್ ಕಳಿಸುತ್ತದೆ, ಇನ್ನೊಂದು ಅದನ್ನು ಹಿಡಿಯುತ್ತದೆ. ನಡುವಿನ ದೂರವನ್ನು ಹಿಡಿದ ಸಮಯದಿಂದ ಭಾಗಿಸಿದರೆ ವೇಗ. ಒಳ್ಳೆಯ ಕಾಂಕ್ರೀಟಿನಲ್ಲಿ ಸೆಕೆಂಡಿಗೆ 4 ರಿಂದ 4.5 ಕಿ.ಮೀ. ಆಸುಪಾಸು. ನೀರಿನಲ್ಲಿ ಅದೇ ವೇಗ ಸುಮಾರು 1.5, ಗಾಳಿಯಲ್ಲಿ ಸುಮಾರು 0.34. ಬಿರುಕಿನಲ್ಲಿ ಗಾಳಿ ತುಂಬಿದ್ದರೆ ಪಲ್ಸ್ ಅದನ್ನು ದಾಟದೆ ಬಳಸಿಕೊಂಡು ಬರುತ್ತದೆ. ದಾರಿ ಉದ್ದವಾಗಿ ಸಮಯ ಹೆಚ್ಚುತ್ತದೆ.

ಕುಗ್ಗುವಿಕೆಯಲ್ಲಿ ಹಲವು ಬಗೆ. ಹಾಕಿದ ಮೊದಲ ಕೆಲವು ಗಂಟೆಗಳಲ್ಲೇ ಮೇಲ್ಮೈ ನೀರು ಆರಿ ಹಸಿ ಕಾಂಕ್ರೀಟ್ ಬಿರಿಯುವುದು ಪ್ಲಾಸ್ಟಿಕ್ ಕುಗ್ಗುವಿಕೆ. ಸಿಮೆಂಟ್ ತನ್ನೊಳಗಿನ ನೀರನ್ನೇ ಹೀರಿಕೊಂಡು ಕುಗ್ಗುವುದು ಸ್ವಯಂ ಕುಗ್ಗುವಿಕೆ. ನೀರು-ಸಿಮೆಂಟ್ ಅನುಪಾತ 0.4ಕ್ಕಿಂತ ಕೆಳಗಿಳಿದ ಮಿಶ್ರಣಗಳಲ್ಲಿ ಇದು ಜೋರು. ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ನಡೆಯುವುದು ಒಣ ಕುಗ್ಗುವಿಕೆ. ನಾವು ಹೆಚ್ಚಾಗಿ ಬೆನ್ನುಹತ್ತುವುದು ಇದನ್ನೇ. ಸಾಮಾನ್ಯ ಕಾಂಕ್ರೀಟಿನಲ್ಲಿ ಇದು ಒಟ್ಟು 400 ರಿಂದ 800 ಮೈಕ್ರೊಸ್ಟ್ರೇನ್, ಅಂದರೆ ಒಂದು ಮೀಟರಿಗೆ 0.4 ರಿಂದ 0.8 ಮಿ.ಮೀ. ಎಳೆತದಲ್ಲಿ ಕಾಂಕ್ರೀಟ್ ತಡೆಯುವುದು ಸುಮಾರು 100 ರಿಂದ 150 ಮೈಕ್ರೊಸ್ಟ್ರೇನ್ ಮಾತ್ರ. ಕುಗ್ಗಲು ಬಿಟ್ಟರೆ ತೊಂದರೆಯಿಲ್ಲ. ಹಳೆಯ ಕಾಂಕ್ರೀಟ್, ಕಂಬಿ, ನೆಲ, ಅಥವಾ ಇನ್ನೂ ಒಣಗದ ತನ್ನದೇ ಒಳಭಾಗ ಹಿಡಿದುಕೊಂಡರೆ ಬಿರಿಯುತ್ತದೆ.

ಈ ಅವಧಿಯುದ್ದಕ್ಕೂ ಮೂರು ಸಂಗತಿಗಳು ಒಟ್ಟಿಗೆ ನಡೆಯುತ್ತಿರುತ್ತವೆ. ಸಿಮೆಂಟ್ ಇನ್ನೂ ಗಟ್ಟಿಯಾಗುತ್ತಿರುವುದರಿಂದ ವೇಗ ಏರುತ್ತದೆ. ರಂಧ್ರಗಳ ನೀರು ಹೋಗಿ ಗಾಳಿ ಬರುವುದರಿಂದ ಇಳಿಯುತ್ತದೆ. ಪೂರ್ತಿ ನೆನೆದ ಕಾಂಕ್ರೀಟಿಗೂ ಒಣಗಿದ್ದಕ್ಕೂ ಶೇ. 5ರವರೆಗೆ ವ್ಯತ್ಯಾಸ ಬರಬಹುದು. ಬಿರುಕಿನಿಂದಲೂ ಇಳಿಯುತ್ತದೆ. ಮೀಟರಿನಲ್ಲಿ ಕಾಣುವುದು ಈ ಮೂರರ ಮೊತ್ತವಾದ ಒಂದೇ ಅಂಕಿ.

ಹಂತ 1: ಉಪಕರಣ ಮತ್ತು ಆವರ್ತನ

ಕಾಂಕ್ರೀಟಿಗೆ ಸಾಮಾನ್ಯವಾಗಿ ಬಳಸುವುದು 54 ಕಿಲೊಹರ್ಟ್ಜ್ ಪ್ರೋಬ್. ಸೆಕೆಂಡಿಗೆ 4 ಕಿ.ಮೀ. ವೇಗದಲ್ಲಿ ಇದರ ತರಂಗದ ಉದ್ದ ಸುಮಾರು 74 ಮಿ.ಮೀ. ಈ ಸಂಖ್ಯೆ ನೆನಪಿರಲಿ. ಮಾದರಿಯ ಅಡ್ಡ ಅಳತೆ ಇದಕ್ಕಿಂತ ಕಡಿಮೆಯಾದರೆ ಅಳೆದ ವೇಗ ನಿಜವಾದದ್ದಕ್ಕಿಂತ ಕಡಿಮೆ ಬರುತ್ತದೆ. ಕುಗ್ಗುವಿಕೆ ಅಳೆಯಲು ಎಲ್ಲರೂ ಬಳಸುವ 75 ಮಿ.ಮೀ. ಚೌಕದ ಪ್ರಿಸಂ ಇಲ್ಲಿ ಅಂಚಿನ ಮೇಲೆ ಕೂರುತ್ತದೆ: ವೇಗ 4.5 ಇದ್ದರೆ ಬೇಕಾದ ಅಡ್ಡ ಅಳತೆ 83 ಮಿ.ಮೀ. ಹಾಗಾಗಿ 100 ಮಿ.ಮೀ. ಚೌಕದ್ದನ್ನೇ ಎರಕ ಹೊಯ್ಯಿರಿ. ಚಿಕ್ಕದೇ ಬೇಕೆಂದರೆ 150 ಕಿಲೊಹರ್ಟ್ಜ್ ಪ್ರೋಬ್ ಹಾಕಬಹುದು. ಅದು ಸಣ್ಣ ಬಿರುಕಿಗೆ ಹೆಚ್ಚು ಸೂಕ್ಷ್ಮ, ಆದರೆ ಜಲ್ಲಿಗೆ ಬಡಿದು ಬೇಗ ಚದುರುವುದರಿಂದ ಉದ್ದ ದಾರಿಗೆ ಆಗದು.

ಬರೀ ಅಂಕಿ ತೋರಿಸುವ ಮೀಟರಿಗಿಂತ ತರಂಗದ ಚಿತ್ರವನ್ನೂ ತೋರಿಸುವ ಉಪಕರಣ ಆರಿಸಿಕೊಳ್ಳಿ. ಕಾರಣ ಹಂತ 4ರಲ್ಲಿ ಬರುತ್ತದೆ. ಸಮಯವನ್ನು 0.1 ಮೈಕ್ರೊಸೆಕೆಂಡಿನವರೆಗೆ ಓದಬೇಕು. ಪರೀಕ್ಷಾ ವಿಧಾನಕ್ಕೆ ಅಮೆರಿಕದ ಮಾನಕ ಎಎಸ್‌ಟಿಎಂ ಸಿ597 ಅಥವಾ ಯುರೋಪಿನ ಇಎನ್ 12504-4, ಎರಡರಲ್ಲಿ ಯಾವುದನ್ನು ಹಿಡಿದರೂ ಸರಿ. ನಡುವೆ ಮಾತ್ರ ಬದಲಾಯಿಸಬೇಡಿ.

ಹಂತ 2: ಮಾದರಿ ಮೂರು ಬಗೆ, ಒಂದೇ ಘಾಣ

ಒಂದೇ ಮಾದರಿಯ ಮೇಲೆ ನಿಗಾ ಇಟ್ಟರೆ ನನಗಾದ ಗತಿಯೇ ನಿಮಗೂ. ಒಂದೇ ಘಾಣದಿಂದ, ಅಂದರೆ ಒಮ್ಮೆಗೇ ಕಲಸಿದ ಮಿಶ್ರಣದಿಂದ, 100 × 100 × 400 ಮಿ.ಮೀ. ಪ್ರಿಸಂಗಳನ್ನು ಮೂರು ಗುಂಪಾಗಿ ಎರಕ ಹೊಯ್ಯಿರಿ. ಗುಂಪಿಗೆ ಕನಿಷ್ಠ ಮೂರು.

ಮೊದಲ ಗುಂಪು ಮುಚ್ಚಿದ್ದು. ಕ್ಯೂರಿಂಗ್ (ಒದ್ದೆಯಾಗಿಟ್ಟು ಗಟ್ಟಿಗೊಳಿಸುವುದು) ಮುಗಿದ ಕೂಡಲೇ ಎರಡು ಸುತ್ತು ಪ್ಲಾಸ್ಟಿಕ್, ಮೇಲೆ ಅಲ್ಯೂಮಿನಿಯಂ ಅಂಟುಪಟ್ಟಿ. ಪ್ರೋಬ್ ಕೂರುವ ತುದಿಯನ್ನು ರೀಡಿಂಗಿನ ಹೊತ್ತಿಗೆ ಮಾತ್ರ ತೆರೆದು ತಕ್ಷಣ ಮುಚ್ಚಿ. ತೂಕ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸಿಮೆಂಟ್ ಗಟ್ಟಿಯಾಗುವುದರಿಂದ ವೇಗ ಎಷ್ಟು ಏರುತ್ತದೆ ಎಂದು ತಿಳಿಸುವುದು ಈ ಗುಂಪು.

ಎರಡನೆಯದು ಬಿಟ್ಟದ್ದು. ಸುಮಾರು 23 ಡಿಗ್ರಿ ಸೆಲ್ಸಿಯಸ್, ಶೇ. 50 ಸಾಪೇಕ್ಷ ಆರ್ದ್ರತೆಯ ಕೋಣೆಯಲ್ಲಿ ನಾಲ್ಕೂ ಕಡೆ ಗಾಳಿಯಾಡುವಂತೆ ಸಣ್ಣ ಕಡ್ಡಿಗಳ ಮೇಲಿಡಿ. ಇದು ಕುಗ್ಗುತ್ತದೆ, ಆದರೆ ಯಾರೂ ಹಿಡಿದಿಲ್ಲ.

ಮೂರನೆಯದು ಹಿಡಿದದ್ದು. ಎರಡು ತುದಿಗೆ ದಪ್ಪ ಉಕ್ಕಿನ ಪ್ಲೇಟ್, ಪ್ಲೇಟುಗಳನ್ನು ಜೋಡಿಸುವ ಹೊರಗಿನ ಉಕ್ಕಿನ ಸರಳು, ಕಾಂಕ್ರೀಟಿನೊಳಗೆ ಕಚ್ಚಿಕೊಳ್ಳಲು ಪ್ಲೇಟಿನ ನಾಲ್ಕು ಮೂಲೆಗೆ ಗಿಡ್ಡ ಬೋಲ್ಟು, ನಡುವೆ ಪ್ರೋಬ್ ನೇರವಾಗಿ ಕಾಂಕ್ರೀಟಿಗೆ ತಾಗಲು ಒಂದು ತೂತು. ಇಲ್ಲೊಂದು ಬಲೆಯಿದೆ. ಉಕ್ಕಿನ ಸರಳಿನಲ್ಲಿ ಪಲ್ಸ್ ಸೆಕೆಂಡಿಗೆ 5 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಸರಳು ಪ್ರಿಸಂಗೆ ಅಂಟಿಕೊಂಡಂತಿದ್ದರೆ ಪಲ್ಸ್ ಕಾಂಕ್ರೀಟನ್ನು ಬಿಟ್ಟು ಉಕ್ಕಿನ ದಾರಿ ಹಿಡಿದು ಮೊದಲೇ ತಲುಪಬಹುದು. ಪ್ರೋಬಿನ ನಡುವಿನಿಂದ ಸರಳು 150 ಮಿ.ಮೀ. ದೂರವಿದ್ದರೆ ಹೋಗಿ ಬರುವ ಬಳಸುದಾರಿಗೇ ಸುಮಾರು 60 ಮೈಕ್ರೊಸೆಕೆಂಡ್ ಸೇರುತ್ತದೆ, ಉಕ್ಕಿನ ದಾರಿ ಸೋಲುತ್ತದೆ.

ಹಂತ 3: ಗುರುತು ಮತ್ತು ದಾರಿಯ ಉದ್ದ

ಪ್ರೋಬ್ ಪ್ರತಿ ಸಲವೂ ಅದೇ ಜಾಗದಲ್ಲಿ ಕೂರಬೇಕು. ಚಾಕ್ ಸಾಲದು, ಪ್ರೋಬಿನ ಸುತ್ತಳತೆಗೆ ಸರಿಯಾಗಿ ಅಳಿಸದ ಮಾರ್ಕರಿನಿಂದ ವೃತ್ತ ಎಳೆಯಿರಿ. ಮೌಲ್ಡಿಗೆ ತಾಗಿದ್ದ ನಯವಾದ ಮುಖವನ್ನೇ ಆರಿಸಿ. ಕರಣೆಯಿಂದ ಒರೆಸಿದ ಮೇಲ್ಮುಖ ಬೇಡ.

ದಾರಿಯ ಉದ್ದ ಏಕೆ ಮುಖ್ಯ ಎಂಬುದನ್ನು ಲೆಕ್ಕವೇ ಹೇಳುತ್ತದೆ. 100 ಮಿ.ಮೀ. ಅಡ್ಡಲಾಗಿ ಅಳೆದರೆ ಸಮಯ ಸುಮಾರು 24 ಮೈಕ್ರೊಸೆಕೆಂಡ್, ಅದರಲ್ಲಿ 0.1ರ ತಪ್ಪೆಂದರೆ ಶೇ. 0.4. ಅದೇ 400 ಮಿ.ಮೀ. ಉದ್ದಕ್ಕೆ ಅಳೆದರೆ ಸುಮಾರು 95 ಮೈಕ್ರೊಸೆಕೆಂಡ್, ತಪ್ಪು ಶೇ. 0.1. ನಾವು ಹುಡುಕುವ ಬದಲಾವಣೆಯೇ ಶೇ. 2-5 ಇರುವಾಗ ಇದು ಸಣ್ಣ ವಿಷಯವಲ್ಲ.

ದಿಕ್ಕೂ ಅಷ್ಟೇ ಮುಖ್ಯ. ಉದ್ದಕ್ಕೆ ಹಿಡಿದಿಟ್ಟ ಪ್ರಿಸಂ ಅಡ್ಡಕ್ಕೆ ಬಿರಿಯುತ್ತದೆ. ಆ ಬಿರುಕುಗಳನ್ನು ಕತ್ತರಿಸಿಕೊಂಡು ಹೋಗುವ ದಾರಿ ಮಾತ್ರ ಅವನ್ನು ಕಾಣುತ್ತದೆ. ಅಡ್ಡಲಾಗಿ ಕಳಿಸಿದ ಪಲ್ಸ್ ಎರಡು ಬಿರುಕುಗಳ ನಡುವೆ ಸಲೀಸಾಗಿ ನುಸುಳಿ ‘ಎಲ್ಲ ಚೆನ್ನಾಗಿದೆ’ ಎನ್ನುತ್ತದೆ.

ಹಂತ 4: ರೀಡಿಂಗ್ ತೆಗೆಯುವ ಬಗೆ

ಅನುಕ್ರಮ ಮುರಿಯಬೇಡಿ: ಮೊದಲು ತೂಕ, ಆಮೇಲೆ ಉದ್ದದ ಬದಲಾವಣೆ, ಕೊನೆಗೆ ಅಲ್ಟ್ರಾಸಾನಿಕ್. ಗ್ರೀಸ್ ಮೆತ್ತಿದ ಮೇಲೆ ತೂಗಿದರೆ ಗ್ರೀಸಿನ ಗ್ರಾಮುಗಳೂ ಲೆಕ್ಕಕ್ಕೆ ಬರುತ್ತವೆ.

ಉಪಕರಣದ ಜೊತೆ ಬರುವ ಅಳತೆದಂಡದ ಎರಡು ತುದಿಗೆ ಪ್ರೋಬ್ ಒತ್ತಿ, ದಂಡದ ಮೇಲೆ ಬರೆದ ಸಮಯಕ್ಕೆ ಸೊನ್ನೆ ಹೊಂದಿಸಿ. ಕೆಲಸ ಶುರುವಾಗುವಾಗ ಒಮ್ಮೆ, ಮುಗಿದಾಗ ಇನ್ನೊಮ್ಮೆ. ಎರಡೂ ಹೊಂದದಿದ್ದರೆ ಆ ದಿನದ ರೀಡಿಂಗ್ ಮತ್ತೆ ತೆಗೆಯಬೇಕು. ಕೇಬಲ್ ಅಥವಾ ಪ್ರೋಬ್ ಬದಲಿಸಿದರೂ ಹೀಗೆಯೇ.

ಪ್ರೋಬಿಗೂ ಕಾಂಕ್ರೀಟಿಗೂ ನಡುವೆ ಗಾಳಿ ಉಳಿಯದಂತೆ ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ನೀರು ಬೆರೆತ ಜೆಲ್ ಒಣಗುತ್ತಿರುವ ಮಾದರಿಗೆ ಬೇಡ, ನಾವೇ ಮುಖವನ್ನು ನೆನೆಸಿದಂತಾಗುತ್ತದೆ. ಕಡಲೆಕಾಳಿನಷ್ಟು ಸಾಕು. ಪ್ರೋಬನ್ನು ವೃತ್ತದೊಳಗೆ ಇಟ್ಟು ಅತ್ತಿತ್ತ ಸ್ವಲ್ಪ ತಿರುಗಿಸುತ್ತ ಒತ್ತಿ. ಸಮಯದ ಅಂಕಿ ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಲ್ಲುತ್ತದೆ. ಗ್ರೀಸ್ ತೆಳುವಾಗಿ ಹರಡಿತು ಎಂಬುದಕ್ಕೆ ಅದೇ ಗುರುತು. ಆ ಕನಿಷ್ಠ ಸ್ಥಿರ ಅಂಕಿಯನ್ನು ಬರೆದುಕೊಳ್ಳಿ. ಪ್ರೋಬ್ ಪೂರ್ತಿ ತೆಗೆದು, ಒರೆಸಿ, ಮತ್ತೆ ಹಚ್ಚಿ ಇನ್ನೆರಡು ಸಲ ಅಳೆಯಿರಿ. ಮೂರರ ನಡುವೆ ಶೇ. 1ಕ್ಕಿಂತ ಹೆಚ್ಚು ಅಂತರವಿದ್ದರೆ ತಪ್ಪು ಕೈಯದು, ಕಾಂಕ್ರೀಟಿನದಲ್ಲ. ತಿಂಗಳುಗಟ್ಟಲೆ ಅಳೆಯುವುದಿದ್ದರೆ ಪ್ರೋಬ್ ಜಾಗಕ್ಕೆ ತೆಳುವಾದ ಎಪಾಕ್ಸಿ ಪದರ ಹಚ್ಚಿಡುವುದು ಒಳ್ಳೆಯದು. ಗ್ರೀಸ್ ರಂಧ್ರಗಳಿಗೆ ಇಳಿಯುವುದಿಲ್ಲ.

ಈಗ ತರಂಗಚಿತ್ರದ ಮಾತು. ಹಾನಿ ಹೆಚ್ಚಿದಂತೆ ಸಿಗ್ನಲ್ ಕ್ಷೀಣಿಸುತ್ತದೆ. ಒಂದು ಹಂತದಲ್ಲಿ ಮೊದಲ ಅಲೆ ಉಪಕರಣದ ಮಿತಿಗಿಂತ ಚಿಕ್ಕದಾಗಿ, ಮೀಟರು ಅದನ್ನು ಬಿಟ್ಟು ಮುಂದಿನ ಅಲೆಯನ್ನು ಎಣಿಸುತ್ತದೆ. 54 ಕಿಲೊಹರ್ಟ್ಜಿನಲ್ಲಿ ಒಂದು ಅಲೆಯ ಅವಧಿ ಸುಮಾರು 18.5 ಮೈಕ್ರೊಸೆಕೆಂಡ್. ಹಾಗಾಗಿ ನಿನ್ನೆ 95 ಇದ್ದದ್ದು ಇವತ್ತು ಏಕಾಏಕಿ 113 ತೋರಿಸಿದರೆ ಗಾಬರಿಯಾಗಬೇಡಿ. ಚಿತ್ರ ತೆರೆದು ನೋಡಿ. ಮೊದಲ ಸಣ್ಣ ಏರು 95-96ರ ಹತ್ತಿರ ಅಲ್ಲೇ ಕೂತಿರುತ್ತದೆ. ಕರ್ಸರನ್ನು ಕೈಯಾರೆ ಅಲ್ಲಿಗೆ ಎಳೆಯಿರಿ.

ವೇಳಾಪಟ್ಟಿಯ ವಿಷಯ. ಒಣಗುವಿಕೆ ಮೊದಲು ಬಿರುಸು, ಆಮೇಲೆ ಮಂದ. ಆದ್ದರಿಂದ ಕ್ಯೂರಿಂಗ್ ಮುಗಿದ ದಿನ ಮೂಲ ರೀಡಿಂಗ್, ನಂತರ 1, 2, 3, 5, 7, 10, 14ನೇ ದಿನ, ಅಲ್ಲಿಂದ ಎಂಟು ವಾರದವರೆಗೆ ವಾರಕ್ಕೊಮ್ಮೆ, ಮುಂದೆ ತಿಂಗಳಿಗೊಮ್ಮೆ.

ಹಂತ 5: ಅಂಕಿಗಳನ್ನು ಬಿಡಿಸುವುದು

1951ರಲ್ಲಿ ಸಂಶೋಧಕ ವೈಟ್‌ಹರ್ಸ್ಟ್ ಕೊಟ್ಟ ವರ್ಗೀಕರಣ ಬಹಳ ಮಂದಿಗೆ ಬಾಯಿಪಾಠ: ವೇಗ ಸೆಕೆಂಡಿಗೆ 4.5 ಕಿ.ಮೀ. ಮೇಲಿದ್ದರೆ ಅತ್ಯುತ್ತಮ, 3.6ರಿಂದ 4.5 ಉತ್ತಮ ಇತ್ಯಾದಿ. ಈ ಕೆಲಸಕ್ಕೆ ಅದನ್ನು ಪಕ್ಕಕ್ಕಿಡಿ. ಕಾಂಕ್ರೀಟ್ 4.4ರಿಂದ 4.0ಕ್ಕೆ ಇಳಿದರೂ ಆ ಪಟ್ಟಿಯಲ್ಲಿ ‘ಉತ್ತಮ’ವೇ. ನಮಗೆ ಬೇಕಿರುವುದು ಅದೇ ಮಾದರಿ ತನ್ನ ಮೊದಲ ದಿನಕ್ಕಿಂತ ಎಷ್ಟು ಬದಲಾಯಿತು ಎಂಬುದು.

ಲೆಕ್ಕಕ್ಕಾಗಿ ಹೀಗೆಂದುಕೊಳ್ಳಿ. ಮೂರೂ ಗುಂಪು 93.0 ಮೈಕ್ರೊಸೆಕೆಂಡಿನಿಂದ, ಅಂದರೆ ಸೆಕೆಂಡಿಗೆ 4.30 ಕಿ.ಮೀ. ವೇಗದಿಂದ ಶುರುವಾದವು. 56ನೇ ದಿನ ಮುಚ್ಚಿದ್ದು 4.42, ಬಿಟ್ಟದ್ದು 4.25, ಹಿಡಿದದ್ದು 4.05. ಮೂಲಕ್ಕೆ ಹೋಲಿಸಿದರೆ ಬಿಟ್ಟದ್ದು ಶೇ. 1ರಷ್ಟು ಮಾತ್ರ ಇಳಿದಂತೆ ಕಾಣುತ್ತದೆ, ಆದರೆ ಮುಚ್ಚಿದ್ದಕ್ಕೆ ಹೋಲಿಸಿದರೆ ಅಂತರ ಶೇ. 4. ಇದರಲ್ಲಿ ನೀರು ಹೋದದ್ದು, ಒಣಗಿದ್ದರಿಂದ ಸಿಮೆಂಟಿನ ಬೆಳವಣಿಗೆ ನಿಂತದ್ದು, ಚರ್ಮದಂಥ ಹೊರಪದರದ ಸಣ್ಣ ಬಿರುಕು ಎಲ್ಲ ಸೇರಿವೆ. ಬಿಟ್ಟದ್ದಕ್ಕೂ ಹಿಡಿದದ್ದಕ್ಕೂ ಇರುವ ಅಂತರ ಮಾತ್ರ ತಡೆಯಿಂದಾದ ಹಾನಿ: 4.05 ಭಾಗಿಸು 4.25, ಅಂದರೆ 0.953. ಕಾಂಕ್ರೀಟಿನ ಬಿಗಿತ (ಗತಿಶೀಲ ಸ್ಥಿತಿಸ್ಥಾಪಕ ಗುಣಾಂಕ) ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ವರ್ಗ ಮಾಡಿ 1ರಿಂದ ಕಳೆದರೆ 0.09. ಗತಿಶೀಲ ಸ್ಥಿತಿಸ್ಥಾಪಕ ಗುಣಾಂಕದಲ್ಲಿ ಸುಮಾರು ಶೇ. 9ರ ನಷ್ಟ ಎಂದು ಬರೆಯಬಹುದು.

ಹಿಡಿದ ಮಾದರಿ ಮಾಡಲು ಸಾಧ್ಯವಾಗದಿದ್ದರೆ ನಾನು ನಂಬುವ ಚಿತ್ರ ಒಂದೇ. ಅಡ್ಡಕ್ಕೆ ದಿನಗಳನ್ನಲ್ಲ, ಕಳೆದುಕೊಂಡ ತೂಕವನ್ನು ಹಾಕಿ, ಲಂಬಕ್ಕೆ ವೇಗ. ನೀರಷ್ಟೇ ಹೋಗುತ್ತಿದ್ದರೆ ಬಿಂದುಗಳು ನಯವಾದ ಗೆರೆಯಲ್ಲಿ ಇಳಿಯುತ್ತವೆ. ತೂಕ ಹೆಚ್ಚು ಬದಲಾಗದೆ ವೇಗ ಮಾತ್ರ ಕುಸಿದರೆ ಗೆರೆ ಅಲ್ಲಿ ಮುರಿಯುತ್ತದೆ. ಆ ಮುರಿದ ಜಾಗವೇ ಬಿರುಕು ಹುಟ್ಟಿದ ಹೊತ್ತು.

ಕೊನೆಗೆ ನೀರಿಗೆ ಇಳಿಸುವ ಪರೀಕ್ಷೆ. ಇದು ಒಂದೇ ಕಡೆಗೆ ಸಾಕ್ಷಿ ನುಡಿಯುತ್ತದೆ ಎಂಬುದನ್ನು ಮರೆಯಬೇಡಿ. ತೂಕ ಮೂಲಕ್ಕೆ ಮರಳಿಯೂ ವೇಗ ಮರಳದಿದ್ದರೆ ಹಾನಿ ಖಂಡಿತ. ವೇಗವೂ ಮರಳಿದರೆ? ಹಾನಿಯಿಲ್ಲ ಎಂದು ಆಣೆ ಇಡಲಾಗದು; ಕೂದಲೆಳೆ ಬಿರುಕಿಗೆ ನೀರು ತುಂಬಿದರೆ ಪಲ್ಸ್ ಅದನ್ನು ದಾಟಿಕೊಂಡೇ ಬರುತ್ತದೆ, ಎಳೆಯ ಕಾಂಕ್ರೀಟಾದರೆ ನೀರು ಸಿಕ್ಕ ಸಿಮೆಂಟ್ ಮತ್ತೆ ಬೆಳೆದು ಬಿರುಕಿನ ಬಾಯಿ ಮುಚ್ಚುವುದೂ ಉಂಟು. ಅದೇ ಮಾದರಿಯನ್ನು ಮತ್ತೆ ನೀರಿಗಿಳಿಸುವ ಮುಂಚಿನ ತೂಕಕ್ಕೆ ಒಣಗಿಸಿ ಅಳೆದು ನೋಡಬೇಕು. ನನ್ನ ಆ ಹಳೆಯ ಪ್ರಿಸಂ ಎರಡನೇ ಸಲ ಒಣಗಿದಾಗಲೂ ಅದೇ ಗೆರೆಯ ಮೇಲೇ ಇಳಿಯಿತು. ವರದಿ ತಿದ್ದಿದೆ.

ಹಂತ 6: ಕಟ್ಟಡದ ಮೇಲೆ, ಒಂದೇ ಮುಖ ಸಿಕ್ಕಾಗ

ನೆಲದ ಸ್ಲ್ಯಾಬ್‌ಗೆ ಕೆಳಮುಖ ಸಿಗುವುದಿಲ್ಲ. ಅದೂ ಅಲ್ಲದೆ ಒಣ ಕುಗ್ಗುವಿಕೆ ಮೇಲಿನಿಂದ ಕೆಳಗೆ ಇಳಿಯುವ ರೋಗ. ಎರಡು ಮುಖ ಸಿಕ್ಕರೂ ನೇರವಾಗಿ ಕಳಿಸಿದ ಪಲ್ಸಿಗೆ ಮೇಲಿನ ಕೆಲವೇ ಸೆಂಟಿಮೀಟರಿನ ಹಾನಿ ಗಮನಕ್ಕೆ ಬಾರದಿರಬಹುದು. ಇಲ್ಲಿ ಎರಡೂ ಪ್ರೋಬನ್ನು ಒಂದೇ ಮುಖದಲ್ಲಿಡಿ. ಕಳಿಸುವ ಪ್ರೋಬ್ ಒಂದು ಕಡೆ ಸ್ಥಿರ. ಹಿಡಿಯುವ ಪ್ರೋಬನ್ನು ಒಂದೇ ಗೆರೆಯಲ್ಲಿ 100, 150, 200 ಹೀಗೆ 500 ಮಿ.ಮೀ.ವರೆಗೆ ಸರಿಸುತ್ತ ಹೋಗಿ. ದೂರವನ್ನು ಪ್ರೋಬಿನ ನಡುವಿನಿಂದ ನಡುವಿಗೆ ಅಳೆಯಿರಿ. ಸಿಗ್ನಲ್ ನೇರ ವಿಧಾನದ ಶೇ. 2-3ರಷ್ಟೇ ಇರುತ್ತದೆ, ತರಂಗಚಿತ್ರವಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಗೆರೆಯನ್ನು ಕಂಬಿಯ ಜಾಲಕ್ಕೆ ಓರೆಯಾಗಿ, 45 ಡಿಗ್ರಿಗೆ ಎಳೆಯಿರಿ.

ಸಮಯವನ್ನು ದೂರದ ಎದುರು ಗುರುತಿಸಿ. ಗೆರೆ ನೇರವಾಗಿದ್ದರೆ ಮೇಲಿನಿಂದ ಕೆಳಗೆ ಗುಣ ಒಂದೇ. ಒಂದು ಕಡೆ ದಿಢೀರ್ ಮೆಟ್ಟಿಲು ಕಂಡರೆ ನಡುವೆ ಬಿರುಕು. ಗೆರೆ ಒಂದು ದೂರದಲ್ಲಿ ಬಾಗಿ ಮುಂದೆ ಓರೆ ಕಡಿಮೆಯಾದರೆ, ಮೇಲೆ ದುರ್ಬಲ ಪದರ, ಕೆಳಗೆ ಗಟ್ಟಿ. ಬಾಗಿದ ದೂರ 300 ಮಿ.ಮೀ., ಮೇಲಿನ ವೇಗ 3.2, ಕೆಳಗಿನದು 4.2 ಎಂದಿಟ್ಟುಕೊಳ್ಳಿ. ವೇಗಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ ವರ್ಗಮೂಲ ತೆಗೆದು, ಬಾಗಿದ ದೂರದ ಅರ್ಧದಿಂದ ಗುಣಿಸಿ: ಪದರದ ದಪ್ಪ ಸುಮಾರು 55 ಮಿ.ಮೀ. ಇದೇ ಗೆರೆಯಲ್ಲಿ ಮೂರು ತಿಂಗಳಿಗೊಮ್ಮೆ ಅಳೆದರೆ ಹಾನಿ ಕೆಳಗಿಳಿಯುತ್ತಿದೆಯೇ ಎಂಬುದು ಗೊತ್ತಾಗುತ್ತದೆ.

ಹಂತ 7: ಕಣ್ಣಿಗೆ ಕಾಣುವ ಬಿರುಕಿನ ಆಳ

ಬಿರುಕಿನ ಎರಡು ಬದಿಗೆ ಸಮದೂರದಲ್ಲಿ, ತಲಾ 150 ಮಿ.ಮೀ., ಪ್ರೋಬ್ ಇಟ್ಟು ಸಮಯ ತೆಗೆಯಿರಿ. ಹತ್ತಿರದ ಬಿರುಕಿಲ್ಲದ ಜಾಗದಲ್ಲಿ ಅದೇ 300 ಮಿ.ಮೀ.ಗೆ ಇನ್ನೊಂದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ವರ್ಗ ಮಾಡಿ, 1 ಕಳೆದು, ವರ್ಗಮೂಲ ತೆಗೆದು, 150ರಿಂದ ಗುಣಿಸಿ. ಬಿರುಕಿನ ಮೇಲೆ 96, ಗಟ್ಟಿ ಜಾಗದಲ್ಲಿ 75 ಮೈಕ್ರೊಸೆಕೆಂಡ್ ಬಂದರೆ ಅನುಪಾತ 1.28, ಆಳ ಸುಮಾರು 120 ಮಿ.ಮೀ.

ಈ ಲೆಕ್ಕ ಬಿರುಕು ನೇರ ಕೆಳಗಿಳಿದಿದೆ, ಒಣಗಿದೆ, ಅದರ ಹತ್ತಿರ ಕಂಬಿಯಿಲ್ಲ ಎಂದು ನಂಬಿಕೊಂಡಿದೆ. ಮೂರನ್ನೂ ಪರೀಕ್ಷಿಸಬಹುದು. ಒಂದು ಪ್ರೋಬನ್ನು ಬಿರುಕಿನಿಂದ ಸ್ವಲ್ಪ ದೂರ ಸರಿಸಿದಾಗ ಸಮಯ ಹೆಚ್ಚುವ ಬದಲು ಕಡಿಮೆಯಾದರೆ ಬಿರುಕು ಆ ಕಡೆಗೇ ಓರೆಯಾಗಿದೆ. ಮಳೆ ಬಿದ್ದ ಮರುದಿನ ಅಥವಾ ನೆಲ ತೊಳೆದ ಮೇಲೆ ಅಳೆಯಬೇಡಿ, ಆಳದ ಬಿರುಕೂ ಮೇಲ್ಮೈ ಗೀರಿನಂತೆ ಕಾಣುತ್ತದೆ. ಕಂಬಿ ಎಲ್ಲಿದೆ ಎಂದು ಕವರ್ ಮೀಟರಿನಿಂದ ಮೊದಲೇ ಗುರುತಿಸಿಕೊಳ್ಳಿ. ಬಿರುಕನ್ನು ದಾಟುವ ಕಂಬಿ ಪಲ್ಸಿಗೆ ಸೇತುವೆಯಾಗುತ್ತದೆ, ಆಗ ನೀವು ಲೆಕ್ಕ ಹಾಕಿದ್ದು ಬಿರುಕಿನ ಆಳವಲ್ಲ, ಕಂಬಿಯ ಆಳ.

ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಒಂದೇ ತಾಪಮಾನದಲ್ಲಿ ಅಳೆಯಿರಿ. 10 ರಿಂದ 30 ಡಿಗ್ರಿಯೊಳಗೆ ಕಾಂಕ್ರೀಟಿನ ವೇಗಕ್ಕೆ ತಾಪಮಾನದಿಂದ ಹೆಚ್ಚಿನ ವ್ಯತ್ಯಾಸವಿಲ್ಲ, ಆದರೆ ಬಿರುಕು ಬೆಳಗಿನ ತಂಪಿಗೆ ಬಾಯಿ ತೆರೆದು ಮಧ್ಯಾಹ್ನದ ಬಿಸಿಗೆ ಮುಚ್ಚಿಕೊಳ್ಳುತ್ತದೆ.

ವೇಗಕ್ಕೆ ಕಾಣದ ಹಾನಿ

ಮೊದಲ ಅಲೆ ಯಾವಾಗಲೂ ಅತಿ ಬೇಗದ ದಾರಿ ಹುಡುಕುವುದರಿಂದ ಎಳೆಯ ಹಾನಿಯನ್ನು ಅದು ತಪ್ಪಿಸಿಕೊಂಡು ಬರುತ್ತದೆ. ಅಲೆಯ ಎತ್ತರ ಹೆಚ್ಚು ಸೂಕ್ಷ್ಮ. ವೇಗ ಕದಲುವ ಮೊದಲೇ ಅದು ಇಳಿಯಲು ಶುರುವಾಗುತ್ತದೆ. ತೊಂದರೆಯೆಂದರೆ ಗ್ರೀಸಿನ ದಪ್ಪ, ಕೈಯ ಒತ್ತಡ ಎರಡಕ್ಕೂ ಅದು ಕುಣಿಯುತ್ತದೆ. ಎತ್ತರವನ್ನು ನಂಬಬೇಕಾದರೆ ಪ್ರೋಬನ್ನು ಸ್ಪ್ರಿಂಗ್ ಕ್ಲಾಂಪಿನಲ್ಲಿ ಕೂರಿಸಿ, ಉಪಕರಣದ ಸಿಗ್ನಲ್ ವರ್ಧನೆಯನ್ನು (ಗೇನ್) ಮೊದಲ ದಿನದ್ದಕ್ಕೇ ಕಟ್ಟಿಹಾಕಬೇಕು.

ಇನ್ನೂ ಮುಂದಿನದು ಕೋಡಾ ತರಂಗ ವಿಧಾನ. ಮೊದಲ ಅಲೆಯ ಹಿಂದೆ ಜಲ್ಲಿಗಳ ನಡುವೆ ನೂರಾರು ಸಲ ಚದುರಿ ತಡವಾಗಿ ಬರುವ ಬಾಲವನ್ನು ಮೂಲ ದಿನದ ಬಾಲದೊಂದಿಗೆ ಹೋಲಿಸುತ್ತಾರೆ. ಅದೇ ಜಾಗವನ್ನು ಮತ್ತೆ ಮತ್ತೆ ಹಾದು ಬಂದಿರುವುದರಿಂದ ಶೇ. 0.01ರಷ್ಟು ವೇಗ ಬದಲಾವಣೆಯೂ ಅದರಲ್ಲಿ ಕಾಣುತ್ತದೆ. ಅಷ್ಟು ಸೂಕ್ಷ್ಮವಾದ ಮೇಲೆ ಅರ್ಧ ಡಿಗ್ರಿ ತಾಪಮಾನದ ಏರಿಳಿತವೂ ಕಾಣದೆ ಹೋಗದು. ಹಾಗಾಗಿ ಕಾಂಕ್ರೀಟ್ ಹಾಕುವಾಗಲೇ ಸೆನ್ಸರುಗಳನ್ನು ಒಳಗೆ ಹೂತು, ಪಕ್ಕದಲ್ಲೊಂದು ತಾಪಮಾಪಕ ಇಟ್ಟು, ಗಂಟೆಗೊಮ್ಮೆ ತಾನಾಗಿ ದಾಖಲಾಗುವಂತೆ ಮಾಡಿದರೆ ಮಾತ್ರ ಇದಕ್ಕೆ ಅರ್ಥವಿದೆ.